ಫೋನೋ ಪ್ರೀಆಂಪ್ ಕೊಳ್ಳುವ ಮುನ್ನ ನಿಮ್ಮ ರೆಕಾರ್ಡ್‌ಗಳನ್ನೊಮ್ಮೆ ನೋಡಿ

"ಸರ್, ಎರಡೂವರೆ ಲಕ್ಷ ಬಜೆಟ್ ಇದೆ. ಒಳ್ಳೆಯ ಸಾಲಿಡ್ ಸ್ಟೇಟ್ ಫೋನೋ ಪ್ರೀಆಂಪ್ ಯಾವುದು ತಗೊಳ್ಳಲಿ?" ಇತ್ತೀಚೆಗೆ ಇನ್‌ಬಾಕ್ಸ್‌ಗೆ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಫೋನೋ ಪ್ರೀಆಂಪ್ (ಫೋನೋ ಸ್ಟೇಜ್ ಅಂತಲೂ ಹೇಳುತ್ತಾರೆ) ಅಂದರೆ ರೆಕಾರ್ಡ್ ಪ್ಲೇಯರಿನ ಕ್ಷೀಣ ಸಿಗ್ನಲನ್ನು ಆಂಪ್ಲಿಫೈಯರಿಗೆ ಸಾಕಾಗುವಷ್ಟು ಹಿಗ್ಗಿಸುವ ಪೆಟ್ಟಿಗೆ; ಸಾಲಿಡ್ ಸ್ಟೇಟ್ ಅಂದರೆ ವಾಲ್ವ್ ಬದಲು ಟ್ರಾನ್ಸಿಸ್ಟರ್ ಬಳಸಿದ್ದು. ಸ್ವಲ್ಪ ಉದ್ದವಿದೆ, ಬಿಡುವಾದಾಗ ಓದಿ.

ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಕಾರ್ಟ್ರಿಡ್ಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಯಾವುದು? ಮನೆಯಲ್ಲಿರುವ ರೆಕಾರ್ಡ್‌ಗಳು ಎಂಥವು? ಈ ಎರಡಕ್ಕೆ ಉತ್ತರ ಸಿಗುವವರೆಗೂ ಬ್ರಾಂಡ್ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ. ವಿದೇಶಿ ವಿಮರ್ಶಕರು ಹೊಳೆಯುವ ಹೊಸ ಪ್ರೆಸ್ಸಿಂಗ್ ಹಾಕಿಕೊಂಡು ಕೇಳಿ ಅಂಕ ಕೊಡುತ್ತಾರೆ. ನಮ್ಮಲ್ಲಿ ಬಹಳ ಜನ ಕೇಳುವುದು ಕೋಲ್ಕತ್ತದ ಡಂಡಂನಲ್ಲಿ ಅಚ್ಚಾದ ಹಳೆಯ ಎಚ್‌ಎಂವಿ ಎಲ್‌ಪಿಗಳನ್ನು, ಅವೆನ್ಯೂ ರಸ್ತೆಯಲ್ಲೋ ಮುಂಬೈನ ಚೋರ್ ಬಜಾರ್‌ನಲ್ಲೋ ಸಿಕ್ಕಿದ, ಕೈಯಿಂದ ಕೈಗೆ ದಾಟಿ ಗೀರು ಬಿದ್ದ ಇಪಿಗಳನ್ನು. ಆ ವಿಮರ್ಶೆ ತಪ್ಪಲ್ಲ. ಆದರೆ ಅದು ನಮ್ಮ ಕಪಾಟಿನಲ್ಲಿರುವ ರೆಕಾರ್ಡ್‌ಗಳ ಬಗ್ಗೆ ಬರೆದದ್ದಲ್ಲ.

ಮೊದಲು ಲೆಕ್ಕ. ಆರ್ಟೋಫೋನ್ 2ಎಂ ರೆಡ್‌ನಂಥ ಎಂಎಂ (ಅಯಸ್ಕಾಂತ ಅಲುಗುವ) ಕಾರ್ಟ್ರಿಡ್ಜ್ 5.5 ಮಿಲಿವೋಲ್ಟ್ ಕೊಡುತ್ತದೆ. 1962ರಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರಕ್ಕೆಂದು ರೂಪಿಸಿದ, ಇವತ್ತಿಗೂ ತಯಾರಾಗುತ್ತಿರುವ ಡೆನಾನ್ ಡಿಎಲ್-103 ಎಂಸಿ (ಸುರುಳಿ ಅಲುಗುವ) ಕಾರ್ಟ್ರಿಡ್ಜ್ ಕೊಡುವುದು ಬರೀ 0.3 ಮಿಲಿವೋಲ್ಟ್. ಮೊದಲನೆಯದಕ್ಕೆ 40 ಡೆಸಿಬೆಲ್, ಅಂದರೆ ನೂರು ಪಟ್ಟು ಗೇನ್ (ಹಿಗ್ಗಿಸುವಿಕೆ) ಸಾಕು. ಎರಡನೆಯದಕ್ಕೆ 60 ಡೆಸಿಬೆಲ್ ಬೇಕು, ಅದು ಸಾವಿರ ಪಟ್ಟು. ಎಂಸಿಗೆ ಹೊಂದಿಸಿದ ಗೇನ್‌ಗೆ ಎಂಎಂ ಹಾಕಿದರೆ ಫೋನೋ ಸ್ಟೇಜ್ ಎಷ್ಟೇ ದುಬಾರಿಯಾಗಿದ್ದರೂ ಸ್ವರ ಒಡೆಯುತ್ತದೆ.

ಇದರ ಮೇಲೆ ಆರ್‌ಐಎಎ ಕರ್ವ್ ಇದೆ. 1954ರಿಂದ ಇದೇ ಮಾನದಂಡ. ರೆಕಾರ್ಡ್ ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿರುತ್ತಾರೆ, ನುಡಿಸುವಾಗ ಫೋನೋ ಸ್ಟೇಜ್ ಅದನ್ನು ತಿರುವುಮುರುವು ಮಾಡಬೇಕು. 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್ ಸುಮಾರು 17 ಡೆಸಿಬೆಲ್ ಹೆಚ್ಚಾಗುತ್ತದೆ, ಅಂದರೆ ಏಳು ಪಟ್ಟು. ನಮ್ಮ ಮನೆಯ ಕರೆಂಟು ಎಷ್ಟು ಹರ್ಟ್ಸ್? ಸರಿಯಾಗಿ 50! ಡಿಎಲ್-103 ಹಾಕಿದ ವ್ಯವಸ್ಥೆಯಲ್ಲಿ ತಂತಿಗೆ ತಗುಲಿದ ಕರೆಂಟಿನ ಗುಂಯ್‌ಗುಡುವಿಕೆ ಏಳು ಸಾವಿರ ಪಟ್ಟು ದೊಡ್ಡದಾಗಿ ಹೊರಬರುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ, ಇನ್ವರ್ಟರ್ ಪಕ್ಕದಲ್ಲಿ ಇದು ಹೇಗೆ ಕೇಳಿಸುತ್ತದೆಂದು ಅನುಭವಿಸಿದವರಿಗೆ ಗೊತ್ತು.

ಹಾಗಾಗಿ ನಾನು ಸಾಲಿಡ್ ಸ್ಟೇಟ್‌ನಲ್ಲಿ ಮೊದಲು ನೋಡುವುದು ಪವರ್ ಸಪ್ಲೈ. ಪಾಸ್ ಲ್ಯಾಬ್ಸ್ ಎಕ್ಸ್‌ಪಿ-27 ಎರಡು ಪೆಟ್ಟಿಗೆಯಲ್ಲಿ ಬರುತ್ತದೆ, ಪವರ್ ಸಪ್ಲೈಗೆ ಪ್ರತ್ಯೇಕ ಪೆಟ್ಟಿಗೆ. ಇಟಲಿಯ ಗೋಲ್ಡ್ ನೋಟ್ ಪಿಎಚ್-10ಕ್ಕೆ ಬೇಕಿದ್ದರೆ ಹೊರಗಿನ ಪಿಎಸ್‌ಯು-10 ಸೇರಿಸಬಹುದು. ಟ್ರಾನ್ಸ್‌ಫಾರ್ಮರನ್ನು ಆ ಸೂಕ್ಷ್ಮ ಸರ್ಕ್ಯೂಟಿನಿಂದ ದೂರ ಇಡುವುದು ಆಡಂಬರವಲ್ಲ, ಅಗತ್ಯ. ಇನ್ನೊಂದು ಬ್ಯಾಲೆನ್ಸ್ಡ್ ಇನ್‌ಪುಟ್, ಅಂದರೆ ಸಿಗ್ನಲಿನ ಎರಡೂ ತಂತಿಗಳನ್ನು ಗ್ರೌಂಡ್‌ನಿಂದ ಬೇರೆಯಾಗಿಟ್ಟು, ಎರಡಕ್ಕೂ ಸಮನಾಗಿ ತಗುಲಿದ ಸದ್ದನ್ನು ಕಳೆಯುವ ಜೋಡಣೆ. ಕಾರ್ಟ್ರಿಡ್ಜ್‌ನ ಸುರುಳಿಯ ಎರಡು ತುದಿಗಳಲ್ಲಿ ಸಾಮಾನ್ಯವಾಗಿ ಯಾವುದೂ ಗ್ರೌಂಡ್‌ಗೆ ಕಟ್ಟಿಕೊಂಡಿರುವುದಿಲ್ಲ, ಹುಟ್ಟಿನಿಂದಲೇ ಅದು ಬ್ಯಾಲೆನ್ಸ್ಡ್. ಕೇಬಲ್ ಉದ್ದ ಹೋಗುವ ಮನೆಗಳಲ್ಲಿ ಈ ಸೌಲಭ್ಯ ಬಹಳ ಉಪಕಾರಿ.

"ವಾಲ್ವ್ ಯಾಕೆ ಬೇಡ?" ಅನ್ನುವವರಿದ್ದಾರೆ. ಬೇಡ ಎಂದಲ್ಲ. ಆದರೆ 0.3 ಮಿಲಿವೋಲ್ಟ್‌ನ ಸಿಗ್ನಲನ್ನು ನೇರವಾಗಿ ವಾಲ್ವ್‌ಗೆ ಕೊಟ್ಟರೆ ಅದರ ಸ್ವಂತ ಹಿಸ್ (ಸುಯ್ ಎನ್ನುವ ಸದ್ದು) ಎದ್ದು ಕೇಳಿಸುತ್ತದೆ. ಅದಕ್ಕೇ ವಾಲ್ವ್ ಫೋನೋ ಸ್ಟೇಜ್‌ಗಳಲ್ಲಿ ಎಂಸಿಗಾಗಿ ಮುಂದೆ ವೋಲ್ಟೇಜ್ ಏರಿಸುವ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇಡುವುದು ವಾಡಿಕೆ. ಒಳ್ಳೆಯ ಜೆಫೆಟ್ ಅಥವಾ ಬೈಪೋಲಾರ್ ಟ್ರಾನ್ಸಿಸ್ಟರ್ ಆ ಕೆಲಸವನ್ನು ಒಂದೇ ನಿಭಾಯಿಸುತ್ತದೆ. ಹಾಗಂತ ಹಿಸ್ ಕಡಿಮೆ ಮಾಡುವ ಪೈಪೋಟಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಡಿಎಲ್-103ರ 40 ಓಮ್ ಸುರುಳಿ ಕೋಣೆಯ ಶಾಖಕ್ಕೇ ಒಂದಿಷ್ಟು ಸದ್ದು ಹುಟ್ಟಿಸುತ್ತದೆ, ಅದನ್ನು ಯಾವ ಕಂಪನಿಯೂ ತಪ್ಪಿಸಲಾರದು. ಹಳೆಯ ರೆಕಾರ್ಡಿನ ಮೇಲ್ಮೈ ಸದ್ದು ಅದಕ್ಕಿಂತಲೂ ಎಷ್ಟೋ ಜೋರು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ, ಯಾರೂ ಕೇಳದ ವಿಷಯ: ಓವರ್‌ಲೋಡ್ ಮಾರ್ಜಿನ್, ಅಂದರೆ ಸ್ವರ ಒಡೆಯದೆ ತಾಳಿಕೊಳ್ಳಬಲ್ಲ ಹೆಚ್ಚುವರಿ ವೋಲ್ಟೇಜ್.

ಗೀರಿನ ಮೇಲೆ ಮುಳ್ಳು ಹಾಯ್ದಾಗ ಹುಟ್ಟುವ "ಚಟ್" ಬಹಳ ಚಿಕ್ಕದು, ಆದರೆ ಬಹಳ ಎತ್ತರದ್ದು. ಸಂಗೀತಕ್ಕಿಂತ ಹಲವು ಪಟ್ಟು ವೋಲ್ಟೇಜ್ ಒಂದು ಕ್ಷಣ ನುಗ್ಗುತ್ತದೆ. ತಾಳಿಕೊಳ್ಳುವ ಶಕ್ತಿ ಇಲ್ಲದ ಸರ್ಕ್ಯೂಟು ಆಗ ಉಸಿರುಗಟ್ಟಿ, ಸುಧಾರಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಚಟ್ ಅನ್ನುವುದು ಎಳೆದುಕೊಂಡು ಹಾಡಿನ ಮೇಲೆ ಕೂರುತ್ತದೆ. ಶಕ್ತಿಯಿರುವ ಸರ್ಕ್ಯೂಟಿನಲ್ಲಿ ಅದೇ ಗೀರು ಟಕ್ಕೆಂದು ಬಂದು ಹೋಗುತ್ತದೆ, ಹಾಡು ಅದರ ಹಿಂದೆ ನಿಲ್ಲದೆ ಸಾಗುತ್ತಿರುತ್ತದೆ. ಒಂದೇ ಇಪಿಯನ್ನು ಎರಡು ಫೋನೋ ಸ್ಟೇಜ್‌ಗಳಲ್ಲಿ ಕೇಳಿದಾಗ ಒಂದರಲ್ಲಿ ರೆಕಾರ್ಡ್ ಹಾಳಾಗಿದೆ ಅನಿಸಿ, ಇನ್ನೊಂದರಲ್ಲಿ ಚೆನ್ನಾಗಿಯೇ ಇದೆಯಲ್ಲ ಅನಿಸುವುದಕ್ಕೆ ಇದೂ ಒಂದು ಕಾರಣ. 5 ಮಿಲಿವೋಲ್ಟ್ ಕಾರ್ಟ್ರಿಡ್ಜ್‌ಗೆ 1 ಕಿಲೋಹರ್ಟ್ಸ್‌ನಲ್ಲಿ ಕನಿಷ್ಠ 100 ಮಿಲಿವೋಲ್ಟ್ ತಾಳಿಕೆ, ಅಂದರೆ 26 ಡೆಸಿಬೆಲ್ ಅವಕಾಶ ಇರಲಿ ಎನ್ನುತ್ತೇನೆ. ಸಾಧ್ಯವಾದರೆ 20 ಕಿಲೋಹರ್ಟ್ಸ್‌ನ ಅಂಕಿಯನ್ನೂ ಕೇಳಿ. ಗೀರಿನ ಸದ್ದಿನ ಬಹುಪಾಲು ಮೇಲಿನ ಆವರ್ತನಗಳಲ್ಲೇ ಇರುತ್ತದೆ. ಈ ಅಂಕಿಯನ್ನು ಕೊಡಲು ಹಿಂದೇಟು ಹಾಕುವ ಮಾರಾಟಗಾರರಿಂದ ನಾನಂತೂ ಕೊಳ್ಳುವುದಿಲ್ಲ.

ಲೋಡಿಂಗ್ (ಫೋನೋ ಸ್ಟೇಜ್ ಕಾರ್ಟ್ರಿಡ್ಜ್‌ಗೆ ಒಡ್ಡುವ ರೋಧ ಮತ್ತು ಕೆಪ್ಯಾಸಿಟೆನ್ಸ್) ಬಗ್ಗೆ ಚುಟುಕಾಗಿ. ಎಂಎಂಗೆ 47 ಕಿಲೋಓಮ್ ಎಲ್ಲರೂ ಕೊಡುತ್ತಾರೆ. ನೋಡಬೇಕಾದದ್ದು ಕೆಪ್ಯಾಸಿಟೆನ್ಸ್, ಅದನ್ನು ಟೋನ್‌ಆರ್ಮ್ ಕೇಬಲಿನ ಜೊತೆ ಕೂಡಿಸಿ ಲೆಕ್ಕ ಹಾಕಿ. ಎಂಸಿಗೆ 100 ಓಮ್ ಆಸುಪಾಸಿನಿಂದ ಶುರುಮಾಡಿ ಕಿವಿಗೆ ಹಿತವಾದಲ್ಲಿ ನಿಲ್ಲಿಸಿ. ಜಾನ್ ಕರ್ಲ್ ವಿನ್ಯಾಸದ ಪ್ಯಾರಾಸೌಂಡ್ ಜೆಸಿ 3+ ನಲ್ಲಿ ಇದಕ್ಕೆಂದೇ ತಿರುಗಿಸುವ ಗುಂಡಿಯಿದೆ, 50ರಿಂದ 550 ಓಮ್‌ವರೆಗೆ. ಪೆಟ್ಟಿಗೆ ಬಿಚ್ಚಿ ಪುಟ್ಟ ಸ್ವಿಚ್ಚುಗಳನ್ನು ಟೂತ್‌ಪಿಕ್‌ನಿಂದ ಸರಿಸುವುದಕ್ಕಿಂತ ಇದು ಎಷ್ಟೋ ವಾಸಿ. ವೋಲ್ಟೇಜ್ ಬದಲು ಕರೆಂಟನ್ನೇ ಹಿಗ್ಗಿಸುವ ಕರೆಂಟ್ ಮೋಡ್ ಫೋನೋ ಸ್ಟೇಜ್‌ಗಳಿಗೆ ಲೋಡಿಂಗ್ ತಲೆನೋವೇ ಇಲ್ಲ, ನಿಜ. ಆದರೆ ಅವು ಒಳರೋಧ ತೀರಾ ಕಡಿಮೆಯಿರುವ ಎಂಸಿಗಳಿಗೆ ಹೇಳಿ ಮಾಡಿಸಿದವು. 40 ಓಮ್‌ನ ಡಿಎಲ್-103 ಇಟ್ಟುಕೊಂಡವರು ಆ ಕಡೆ ಹೋಗದಿರುವುದು ಲೇಸು.

ಇನ್ನು ಎರಡು ಚಾನೆಲನ್ನು ಒಂದಾಗಿಸುವ ಮೋನೋ ಸ್ವಿಚ್. ಎಷ್ಟೋ ದುಬಾರಿ ಫೋನೋ ಸ್ಟೇಜ್‌ಗಳಲ್ಲಿ ಇದು ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ನಮ್ಮ ಹಳೆಯ ಕನ್ನಡ ಚಿತ್ರಗೀತೆಗಳ ಇಪಿಗಳಲ್ಲಿ ಬಹುತೇಕ ಮೋನೋ. ಅವುಗಳಲ್ಲಿ ಹಾಡು ಇರುವುದು ಗ್ರೂವ್‌ನಲ್ಲಿ (ಮುಳ್ಳು ಓಡುವ ಕಾಲುವೆಯಲ್ಲಿ) ಮುಳ್ಳಿನ ಅಡ್ಡಡ್ಡ ಚಲನೆಯಲ್ಲಿ ಮಾತ್ರ. ಮೇಲೆ-ಕೆಳಗಿನ ಚಲನೆಯಲ್ಲಿ ಸಿಗುವುದು ಧೂಳು, ಸವಕಳಿ, ರಂಬಲ್ (ತಿರುಗುವ ಯಂತ್ರದ ಗುಡುಗುಡು). ಎರಡು ಚಾನೆಲ್ ಕೂಡಿಸಿದ ಕೂಡಲೇ ಆ ಮೇಲೆ-ಕೆಳಗಿನ ಸದ್ದು ಪರಸ್ಪರ ಕಳೆದುಹೋಗುತ್ತದೆ. ಒಂದು ಗುಂಡಿ ಒತ್ತಿದರೆ ಪಿ.ಬಿ. ಶ್ರೀನಿವಾಸ್ ದನಿ ಸ್ಪೀಕರುಗಳ ನಟ್ಟನಡುವೆ ಬಂದು ನಿಲ್ಲುತ್ತದೆ, ಆಚೀಚೆ ಚೆಲ್ಲಿದ್ದ ಚಟಪಟ ಅರ್ಧಕ್ಕರ್ಧ ಇಳಿಯುತ್ತದೆ. ಸೊಟ್ಟಗಾದ ರೆಕಾರ್ಡ್‌ಗಳಿದ್ದರೆ ಕಿವಿಗೆ ಕೇಳದಷ್ಟು ತಗ್ಗಿನ ಕಂಪನವನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಕೂಡ ಬೇಕು, ಇಲ್ಲದಿದ್ದರೆ ವೂಫರ್ ಸುಮ್ಮನೆ ಹಿಂದೆ ಮುಂದೆ ತೂಗಾಡುತ್ತಿರುತ್ತದೆ.

ಗಂಗೂಬಾಯಿ ಹಾನಗಲ್ಲರ 1930ರ ದಶಕದ 78 ಆರ್‌ಪಿಎಂ ಪ್ಲೇಟುಗಳಂಥವನ್ನು ಕೇಳುವವರ ದಾರಿಯೇ ಬೇರೆ. ಅವು ಆರ್‌ಐಎಎಗಿಂತ ಹಿಂದಿನವು, ಬೇರೆ ಕರ್ವ್ ಬೇಕು, ದಪ್ಪ ಮುಳ್ಳೂ ಬೇಕು.

ಡೆಮೋಗೆ ಹೋದಾಗ ನಿಮ್ಮ ಕಾರ್ಟ್ರಿಡ್ಜನ್ನೂ ನಿಮ್ಮದೇ ರೆಕಾರ್ಡ್‌ಗಳನ್ನೂ ಒಯ್ಯಿರಿ. ಮುಳ್ಳು ಎತ್ತಿಟ್ಟು, ದಿನಾ ಕೇಳುವ ವಾಲ್ಯೂಮಿನಲ್ಲಿ ಸ್ಪೀಕರ್ ಬಳಿ ಕಿವಿ ಇಟ್ಟು ನೋಡಿ. ಹಿಸ್ ಇದ್ದರೆ ಚಿಂತೆಯಿಲ್ಲ, ಗುಂಯ್ ಇರಬಾರದು. ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿ. ಬುವಾ ಬಾಯಿ ತೆರೆಯುವ ಮುಂಚಿನ ತಂಬೂರಿಯನ್ನೇ ಗಮನಿಸಿ. ಪ್ರತಿ ಮೀಟಿನ ನಂತರ ಷಡ್ಜದೊಳಗಿಂದ ಗಾಂಧಾರ ತಾನಾಗಿ ಏಳಬೇಕು, ಮುಂದಿನ ಮೀಟು ಬರುವವರೆಗೆ ಆರಬಾರದು. ಆ ಕ್ಷೀಣ ನಾದವನ್ನು ಮುಚ್ಚಿಹಾಕುವ ಯಂತ್ರ ಹತ್ತು ಲಕ್ಷದ್ದಾದರೂ ನನಗೆ ಬೇಡ. ಕೊನೆಗೆ ಗೀರು ಬಿದ್ದ ಒಂದು ಇಪಿ.

ಸೆಕೆಂಡ್ ಹ್ಯಾಂಡ್ ತರಿಸುವವರಿಗೆ ಎರಡು ಮಾತು. ಜಪಾನಿನದು 100 ವೋಲ್ಟ್, ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60 ಹರ್ಟ್ಸ್‌ಗೆ ಮಾತ್ರ ಲೆಕ್ಕಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರ್ ನಮ್ಮ 50ರಲ್ಲಿ ಬಿಸಿಯಾಗಿ ತಾನೇ ಗುಂಯ್‌ಗುಡಬಹುದು. ಹಿಂಬದಿಯ ಪಟ್ಟಿಯಲ್ಲಿ 50/60 ಎಂದು ಬರೆದಿದೆಯೇ ಎಂದು ಫೋಟೋ ತರಿಸಿಕೊಂಡು ನೋಡಿ. ಒಳಗೆ ತೋಷಿಬಾದ 2ಎಸ್‌ಕೆ170 ಜೆಫೆಟ್‌ಗಳಿದ್ದರೆ ಅವುಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು, ಮಾರುಕಟ್ಟೆ ತುಂಬ ನಕಲಿ. ರಿಪೇರಿಗೆ ಬಂದರೆ ಲೀನಿಯರ್ ಸಿಸ್ಟಮ್ಸ್‌ನವರ ಎಲ್‌ಎಸ್‌ಕೆ170 ಬದಲಿಯಾಗಿ ಸಿಗುತ್ತದೆ. ಎಡ-ಬಲ ಚಾನೆಲ್ ಎರಡಕ್ಕೂ ಹೊಂದುವ ಜೋಡಿಯನ್ನೇ ಅಳೆದು ಹಾಕುವ ಟೆಕ್ನಿಷಿಯನ್ ನಿಮ್ಮೂರಿನಲ್ಲಿ ಇದ್ದಾರೆಯೇ ಎಂದು ವಿಚಾರಿಸಿಕೊಂಡೇ ದುಡ್ಡು ಕಳಿಸಿ.