ಚಂದ್ರನ ಪಕ್ಕದಿಂದ ಬೈಬಲ್ ಓದಿದ್ದು ಸರಿಯೇ?

ಪರ

1968ರ ಡಿಸೆಂಬರ್ 24. ಅಮೆರಿಕದ ಅಪೊಲೊ 8 ನೌಕೆ ಚಂದ್ರನನ್ನು ಸುತ್ತುತ್ತಿತ್ತು. ಅದರಲ್ಲಿದ್ದ ಗಗನಯಾತ್ರಿಗಳು ಆಂಡರ್ಸ್, ಲೊವೆಲ್, ಬೋರ್ಮನ್ ಭೂಮಿಗೆ ನೇರಪ್ರಸಾರದಲ್ಲಿ ಒಬ್ಬರಾದ ಮೇಲೊಬ್ಬರು ಬೈಬಲ್‌ನ ಸೃಷ್ಟಿಕಥೆಯ ಮೊದಲ 10 ವಚನ ಓದಿದರು. ಆ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿತ್ತು, ರಾಬರ್ಟ್ ಕೆನಡಿ ಕೊಲೆಯಾಗಿತ್ತು, ವಿಯೆಟ್ನಾಂ ಹೊತ್ತಿ ಉರಿಯುತ್ತಿತ್ತು. ಓದು ಮುಗಿಸಿದ ಬೋರ್ಮನ್ ಹಾರೈಸಿದ್ದು ತಮ್ಮ ದೇಶದವರನ್ನಷ್ಟೇ ಅಲ್ಲ, ಈ ಒಳ್ಳೆಯ ಭೂಮಿಯ ಮೇಲಿರುವ ಎಲ್ಲರನ್ನೂ. ಅಷ್ಟು ದೂರದಿಂದ ಮನೆಯನ್ನು ಕಂಡವರು ಇಂಧನದ ಲೆಕ್ಕವನ್ನಷ್ಟೇ ಹೇಳಬೇಕಿತ್ತಾ?

ನಂಬಿಕೆ ಅಲ್ಲಿಗೆ ಹೋದರೆ ಹಿಗ್ಗುತ್ತದೆ. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಝಫರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಅಲ್ಲಿ ದಿನಕ್ಕೆ 16 ಸಲ ಸೂರ್ಯ ಹುಟ್ಟುತ್ತಾನೆ. ಐದು ಹೊತ್ತಿನ ನಮಾಜ್ ಯಾವಾಗ? ಮೆಕ್ಕಾದ ಕಾಬಾ ಯಾವ ಕಡೆ? ಧರ್ಮಗುರುಗಳು ಕೂತು ಯೋಚಿಸಿದರು. ಹೊರಟ ಊರಿನ ಗಡಿಯಾರ ನೋಡಿಕೊಳ್ಳಿ ಎಂದರು. ಕಾಬಾ ಕಡೆ ತಿರುಗಲು ಆಗದಿದ್ದರೆ ಭೂಮಿಯ ಕಡೆ ತಿರುಗಿ ಎಂದರು. ಇಡೀ ಭೂಮಿಗೆ ಮುಖ ಮಾಡಿ ಪ್ರಾರ್ಥಿಸುವುದು! ನನಗೆ ಇದಕ್ಕಿಂತ ದೊಡ್ಡ ಒಗ್ಗಟ್ಟು ಕಾಣುವುದಿಲ್ಲ.

ವಿರೋಧ

ಅವರ ಭಕ್ತಿಯ ಬಗ್ಗೆ ಗೌರವವಿದೆ. ನನ್ನ ತಕರಾರು ಮೈಕಿನ ಬಗ್ಗೆ. ಅದು ಸರ್ಕಾರದ ನೌಕೆ, ಎಲ್ಲರ ತೆರಿಗೆ ದುಡ್ಡು. ಕೇಳುತ್ತಿದ್ದವರಲ್ಲಿ ಬೌದ್ಧರಿದ್ದರು, ಹಿಂದೂಗಳಿದ್ದರು, ದೇವರನ್ನೇ ನಂಬದವರಿದ್ದರು. ಎಲ್ಲರ ಪರವಾಗಿ ಒಂದು ಮನೆಯ ಪುಸ್ತಕ ತೆರೆದರೆ ಉಳಿದವರು ಅಲ್ಲಿ ಬರೀ ನೆಂಟರು, ಅಲ್ವಾ? ಅಮೆರಿಕದ ನಾಸ್ತಿಕ ಹೋರಾಟಗಾರ್ತಿ ಮ್ಯಾಡಲಿನ್ ಮರೆ ಒಹೇರ್ ಇದರ ವಿರುದ್ಧ ಕೋರ್ಟಿಗೇ ಹೋದರು. ಕೇಸು ನಿಲ್ಲಲಿಲ್ಲ, ಆದರೆ ಪ್ರಶ್ನೆ ನಿಂತಿದೆ.

1969ರ ಜುಲೈಯಲ್ಲಿ ಗಗನಯಾತ್ರಿ ಆಲ್ಡ್ರಿನ್ ಚಂದ್ರನ ಮೇಲೆ ಕ್ರೈಸ್ತರ ರೊಟ್ಟಿ, ದ್ರಾಕ್ಷಾರಸದ ಪ್ರಸಾದ ತೆಗೆದುಕೊಂಡರು. ಸದ್ದಿಲ್ಲದೆ. ರೇಡಿಯೋದಲ್ಲಿ ಕೇಳಿಕೊಂಡದ್ದು ಇಷ್ಟೇ: ಒಂದು ಗಳಿಗೆ ಸುಮ್ಮನಿದ್ದು, ನಿಮ್ಮ ನಿಮ್ಮ ರೀತಿಯಲ್ಲಿ ಕೃತಜ್ಞತೆ ಸಲ್ಲಿಸಿ. ಹೀಗಿರಬೇಕು.

ಇನ್ನು ಒಗ್ಗಟ್ಟು. ಅದು ಬಂದದ್ದು ಕೆಲಸದಿಂದ. 1975ರಲ್ಲಿ ಅಮೆರಿಕದ ಅಪೊಲೊ, ಸೋವಿಯತ್ ಒಕ್ಕೂಟದ ಸೊಯುಜ್ ನೌಕೆಗಳು ಬಾಹ್ಯಾಕಾಶದಲ್ಲಿ ಸೇರಬೇಕಿತ್ತು. ಹಳೆಯ ಜೋಡಣೆಯಲ್ಲಿ ಒಂದು ನೌಕೆಯ ಮೂತಿ ಇನ್ನೊಂದರ ಬಾಯಿಗೆ ಹೋಗಬೇಕು. ಈ ಸಲ ಎರಡೂ ಕಡೆ ಒಂದೇ ರೂಪದ ಕೊಂಡಿ ಮಾಡಿದರು, ಯಾರೂ ಮೇಲಲ್ಲ, ಕೆಳಗಲ್ಲ. ಅಮೆರಿಕದ ಗಗನಯಾತ್ರಿ ಸ್ಟಾಫರ್ಡ್ ರಷ್ಯನ್ ಕಲಿತರು, ಸೋವಿಯತ್ ಗಗನಯಾತ್ರಿ ಲಿಯೊನೊವ್ ಇಂಗ್ಲಿಷ್ ಕಲಿತರು. ಇವತ್ತು ನಿಲ್ದಾಣದಲ್ಲಿ ಒಬ್ಬರ ಬೆವರು, ಉಸಿರಿನ ತೇವ, ಮೂತ್ರ ಕೂಡ ಶುದ್ಧವಾಗಿ ಇನ್ನೊಬ್ಬರಿಗೆ ಕುಡಿಯುವ ನೀರಾಗುತ್ತದೆ. ಮಡಿ-ಮೈಲಿಗೆ ಎಂದು ಬಾವಿಗಳನ್ನೇ ಬೇರೆ ಮಾಡಿದ ನಮಗೆ ಆ ಒಂದು ಲೋಟ ನೀರು ಹೇಳುವುದು ಯಾವ ವಚನಪಾಠಕ್ಕಿಂತಲೂ ಜಾಸ್ತಿ.