ಅಳದವರೆಲ್ಲ ಗಟ್ಟಿಗರಲ್ಲ

"ಅಷ್ಟು ದೊಡ್ಡ ಅಪಘಾತ ಆದರೂ ಹುಡುಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ, ಎಂಥಾ ಧೈರ್ಯ!" ಈಗಷ್ಟೇ ಓದಿದ ಪೋಸ್ಟ್ ಇದು. ಕೆಳಗೆ ಸಾಲುಸಾಲು ಚಪ್ಪಾಳೆ. ಮೈ ಉರಿಯಿತು. ಸುಮ್ಮನಿರೋಕೆ ಆಗ್ತಿಲ್ಲ.

ಅದು ಧೈರ್ಯವೇ ಇರಬಹುದು. ಮನಸ್ಸು ಮರಗಟ್ಟಿರುವುದೂ ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. "ಬೇರೆ ಯಾರಿಗೋ ಆದ ಹಾಗಿದೆ", "ಯಾವುದೂ ನಿಜ ಅನಿಸ್ತಿಲ್ಲ" ಅನ್ನುವ ಮಾತು ಬಂದರೆ ಹೊಗಳೋದು ಬಿಟ್ಟು ಗಮನಿಸಿ. ಅದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯ ಸುಳಿವಿರಬಹುದು.

ಏನನ್ನು ಗಮನಿಸಬೇಕು? ಬಾಗಿಲು ಧಡ್ ಅಂದರೆ ಇಡೀ ಮೈ ಬೆಚ್ಚುತ್ತದೆ, ಎದೆಬಡಿತ ಬೇಗ ಇಳಿಯುವುದಿಲ್ಲ. ಎಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಜಾಗದಲ್ಲೇ ಕೂರುತ್ತಾರೆ. ನಿದ್ದೆ ಹತ್ತದು, ಹತ್ತಿದರೂ ಕೆಟ್ಟ ಕನಸು. ಬ್ರೇಕಿನ ಕಿರ್ ಸದ್ದೋ ಪೆಟ್ರೋಲ್ ವಾಸನೆಯೋ ಸಾಕು, ಆ ಘಟನೆ ಈ ಕ್ಷಣದಲ್ಲೇ ನಡೆಯುತ್ತಿರುವಂತೆ ಆಗಿಬಿಡುತ್ತದೆ. ಸಣ್ಣದಕ್ಕೂ ಸಿಡಿಮಿಡಿ. "ನಿಧಾನ ಹೋಗು ಅಂತ ನಾನೇ ಹೇಳಬೇಕಿತ್ತು" ಎಂದು ತಮ್ಮನ್ನೇ ದೂರಿಕೊಳ್ಳುವುದು. ಇವೆಲ್ಲ ಹೇಗೋ ಕಣ್ಣಿಗೆ ಬೀಳುತ್ತವೆ. ಬೀಳದೇ ಹೋಗುವುದು ತಪ್ಪಿಸಿಕೊಳ್ಳುವಿಕೆ: ಆ ರಸ್ತೆ ಬಿಟ್ಟು ಸುತ್ತಿ ಬಳಸಿ ಹೋಗುವುದು, ಆ ದಿನದ ಮಾತು ಬಂದ ಕೂಡಲೇ ಎದ್ದು ಹೋಗುವುದು, ಫೋನ್ ಎತ್ತದಿರುವುದು. ಗಲಾಟೆ ಇಲ್ಲ, ದೂರು ಇಲ್ಲ. ಅದಕ್ಕೇ ಮನೆಯವರು "ಈಗ ಪರವಾಗಿಲ್ಲ" ಅಂದುಕೊಂಡುಬಿಡುತ್ತಾರೆ.

ಚಿಕ್ಕ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಆಟದಲ್ಲಿ ಅದೇ ಕಾರು ಅದೇ ಥರ ಮತ್ತೆ ಮತ್ತೆ ಡಿಕ್ಕಿ ಹೊಡೆಯುತ್ತಿರುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುತ್ತದೆ. ದಯವಿಟ್ಟು ಬೈಯಬೇಡಿ.

"ಎಲ್ಲದಕ್ಕೂ ಕಾಯಿಲೆ ಅಂತೀರಿ, ಕಾಲವೇ ಮರೆಸುತ್ತೆ" ಅನ್ನುವವರಿದ್ದಾರೆ. ಹೆಚ್ಚಿನವರು ತಾವಾಗೇ ಚೇತರಿಸಿಕೊಳ್ಳುತ್ತಾರೆ, ಒಪ್ಪಿದೆ. ಪಿಟಿಎಸ್‌ಡಿ ಎನ್ನಲು ಲಕ್ಷಣಗಳು 1 ತಿಂಗಳು ಮೀರಿರಬೇಕು ಎಂಬ ನಿಯಮ ಇರುವುದೂ ಅದಕ್ಕೇ. ಆದರೆ ಕೆಲವರಲ್ಲಿ 6 ತಿಂಗಳು ಕಳೆದ ಮೇಲೆ ಅದು ಪೂರ್ತಿ ರೂಪ ತಾಳುತ್ತದೆ. ಅಷ್ಟರಲ್ಲಿ ಚಪ್ಪಾಳೆ ತಟ್ಟಿದವರು ಎಲ್ಲಿರುತ್ತಾರೆ? ಗಟ್ಟಿಗಿತ್ತಿ ಅನ್ನಿಸಿಕೊಂಡವಳು ಆಮೇಲೆ "ನನಗೆ ಆಗ್ತಿಲ್ಲ" ಅಂತ ಯಾವ ಬಾಯಲ್ಲಿ ಹೇಳಬೇಕು?

ಹಾಗಂತ "ಅತ್ತುಬಿಡು, ಎಲ್ಲಾ ಹೇಳಿಬಿಡು" ಎಂದು ಕೆದಕಬೇಡಿ. ಒತ್ತಾಯದಿಂದ ಹೇಳಿಸಿದರೆ ಗಾಯ ಇನ್ನಷ್ಟು ಕೆರಳಬಹುದು. ಮನೆಯಲ್ಲಿದ್ದ ನಿದ್ದೆ ಮಾತ್ರೆಯನ್ನೂ ಕೊಡಬೇಡಿ. ಮೊದಲ ತಿಂಗಳ ಆಘಾತದ ಲಕ್ಷಣಗಳಿಗೆ ಬೆಂಜೊಡಯಾಜೆಪೀನ್ ಗುಂಪಿನ (ನಿದ್ದೆಗೆ, ಆತಂಕಕ್ಕೆ ಕೊಡುವ) ಮಾತ್ರೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. "ರಾತ್ರಿ ನಿದ್ದೆ ಬಂತಾ? ಊಟ ಸೇರ್ತಿದೆಯಾ?" ಅಂತ ಕೇಳಿ, ಪಕ್ಕದಲ್ಲಿ ಕೂತಿರಿ. ಯಾವ ಲಕ್ಷಣ, ಯಾವತ್ತಿನಿಂದ, ವಾರಕ್ಕೆ ಎಷ್ಟು ಸಲ ಎಂದು ಬರೆದಿಡಿ. ತಿಂಗಳಾದರೂ ಇಳಿಯದಿದ್ದರೆ ಆ ಚೀಟಿ ಹಿಡಿದು ಮನೋವೈದ್ಯರ ಹತ್ತಿರ ಜೊತೆಗೇ ಹೋಗಿ. ಸಾಯುವ ಮಾತು ಬಂದರೆ ಮಾತ್ರ ಯಾವ ಲೆಕ್ಕವೂ ಬೇಡ. ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.