ಮೈಸೂರು ಪೇಟ, ಜುಲು ಟೋಪಿ

ಸೆಪ್ಟೆಂಬರ್ 24 ದಕ್ಷಿಣ ಆಫ್ರಿಕಾದಲ್ಲಿ ಹೆರಿಟೇಜ್ ಡೇ, ಸರ್ಕಾರಿ ರಜೆ. ಅದರ ಹಿಂದಿನ ದಿನ ಜೋಹಾನ್ಸ್‌ಬರ್ಗಿನ ನಮ್ಮ ಆಫೀಸಿನಲ್ಲಿ ಎಲ್ಲರೂ ಅವರವರ ಕಡೆಯ ಉಡುಪಿನಲ್ಲಿ ಬರುತ್ತಾರೆ. ಕಳೆದ ಸಲ ನಾನು ಪಂಚೆ ಉಟ್ಟು, ಜರಿ ಶಲ್ಯ ಹೊದ್ದು, ತಲೆಗೆ ಮೈಸೂರು ಪೇಟ ಇಟ್ಟುಕೊಂಡು ಹೋಗಿದ್ದೆ. ಪೇಟ ಸ್ವಂತದ್ದಲ್ಲ. ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವದ ಅತಿಥಿಗಳಿಗೆ ಅಂತ ತರಿಸಿಟ್ಟ ರೆಡಿಮೇಡ್ ಪೇಟ. ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡೆ. ದಸರಾ ಮೆರವಣಿಗೆಯಲ್ಲಿ ಆನೆ ತಪ್ಪಿಸಿಕೊಂಡವನ ಹಾಗಿದ್ದೆ, ಆದರೂ ಖುಷಿಯಾಯಿತು.

ಆ ಖುಷಿ ಹನ್ನೊಂದು ಗಂಟೆವರೆಗೆ ಇತ್ತು. ಆಮೇಲೆ ಸೇಲ್ಸ್‌ನ ಹುಡುಗಿ ಬಂದಳು. ಬಿಳಿಯಳು, ಇಲ್ಲಿನ ಕಪ್ಪು ಜನಾಂಗವಾದ ಜುಲುಗಳ ಸೀಮೆಯಲ್ಲಿ, ಎಶೊವೆ ಹತ್ತಿರದ ಕಬ್ಬಿನ ತೋಟದಲ್ಲಿ ಬೆಳೆದವಳು. ಕೊರಳಿಗೆ, ಕೈಗೆ ಮಣಿಸರ. ತಲೆ ಮೇಲೆ ಕೆಮ್ಮಣ್ಣಿನ ಬಣ್ಣದ, ತಟ್ಟೆಯ ಹಾಗೆ ಅಗಲವಾದ ಜುಲು ಹೆಂಗಸರ ಟೋಪಿ. ಬಂದವಳೇ ಜುಲು ಭಾಷೆಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ, ಒಂದು ಹಾಡು ಹೇಳಿ, ಕಾಲೆತ್ತಿ ನೆಲಕ್ಕೆ ಬಡಿದು ಕುಣಿದೇ ಬಿಟ್ಟಳು. ಎಲ್ಲರ ಮೊಬೈಲೂ ಮೇಲೆ. ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ.

ನನ್ನ ಪಕ್ಕದಲ್ಲಿ ಅಕೌಂಟ್ಸ್‌ನ ಸಿಸಿ ನಿಂತಿದ್ದರು. ಸಿಸಿ ಅಂದರೆ ಅಕ್ಕ. ಜುಲುವಿನವರು, ನನಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ಭುತಿ ಅನ್ನುತ್ತಾರೆ, ಅಂದರೆ ತಮ್ಮ, ಅಣ್ಣ ಎರಡೂ. ಅವರು ನಾಲಗೆ ಲೊಚಗುಟ್ಟಿದರು. ನಮ್ಮಜ್ಜಿ "ಅಯ್ಯೋ ಪಾಪ" ಅನ್ನುವ ಮುಂಚೆ ಮಾಡುತ್ತಿದ್ದಳಲ್ಲ, ಅದೇ ಸದ್ದು. ತಮಾಷೆಯೆಂದರೆ ಆ ಟೋಪಿಯ ಹೆಸರಿನೊಳಗೇ ಆ ಸದ್ದಿದೆ. ನಾನು ಇಸಿಚೋಲೊ ಅಂತ ಬರೆಯುತ್ತೇನೆ, ಆದರೆ ಆ 'ಚೋ' ನಮ್ಮ 'ಚೋ' ಅಲ್ಲ, ಲೊಚಗುಟ್ಟುವ ಸದ್ದು. ಒಂಬತ್ತು ವರ್ಷವಾಯಿತು, ನನಗಿನ್ನೂ ಸರಿಯಾಗಿ ಬಂದಿಲ್ಲ. ಆ ಹುಡುಗಿಗೆ ಚೆನ್ನಾಗಿ ಬರುತ್ತದೆ.

"ಏನಾಯ್ತು ಸಿಸಿ?" ಅಂದೆ.

"ಅದು ಮದುವೆಯಾದ ಹೆಂಗಸರ ಟೋಪಿ. ಗಂಡನ ಮನೆಯವರ ಮುಂದೆ ಮರ್ಯಾದೆಗೆ ಹಾಕೋದು. ಇವಳು ಸಂಜೆ ಐದಕ್ಕೆ ತೆಗೆದು ಕಾರಿನ ಹಿಂದಿನ ಸೀಟಿಗೆ ಎಸೀತಾಳೆ."

ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ಆದ್ರೂ ಜುಲು ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಲ್ವಾ?" ಅಂದೆ.

ಸಿಸಿ ನನ್ನ ಪೇಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಾನು ಜುಲು, ಸೋಥೊ, ಕೋಸಾ, ಆಫ್ರಿಕಾನ್ಸ್, ಇಂಗ್ಲಿಷ್ ಐದೂ ಮಾತಾಡ್ತೀನಿ ಭುತಿ. ನೀನು ಯಾವತ್ತಾದ್ರೂ ಚಪ್ಪಾಳೆ ತಟ್ಟಿದೀಯಾ?"

ಊಟಕ್ಕೆ ಪಾಪ್ ಇತ್ತು, ಅಂದರೆ ಮುಸುಕಿನ ಜೋಳದ ಬಿಳಿ ಮುದ್ದೆ. ಹಾಸನದ ಕಡೆಯವನಿಗೆ ಮುದ್ದೆ ಗಂಟಲಲ್ಲಿ ನಿಲ್ಲುವುದು ಅಪರೂಪ. ಅವತ್ತು ನಿಂತಿತು.

ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಇವರದೆಂಥ ಜಿಪುಣತನ ಅನ್ನಿಸಿತು. ಇನ್ನೊಬ್ಬರು ನಮ್ಮದನ್ನು ಇಷ್ಟಪಟ್ಟರೆ ನಮಗೆ ಕೋಡು ಮೂಡುತ್ತದೆ. ಕಿಟೆಲ್ ಸಾಹೇಬರನ್ನೇ ನೋಡಿ. ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದವರು, ಬಂದದ್ದು ಮತಪ್ರಚಾರಕ್ಕೆ. 1894ರಲ್ಲಿ ನಮಗೊಂದು ನಿಘಂಟು ಕೊಟ್ಟರು. ನಾವು ಮತಪ್ರಚಾರವನ್ನು ಮರೆತು, ನಿಘಂಟನ್ನು ಇಟ್ಟುಕೊಂಡು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ನಿಲ್ಲಿಸಿದೆವು. ಮೈಸೂರಿನ ಹೋಟೆಲೊಂದರಲ್ಲಿ ಬಿಳಿಯನೊಬ್ಬ "ಒಂದು ಮಸಾಲೆ ದೋಸೆ ಕೊಡಿ" ಅಂದದ್ದಕ್ಕೆ ಗಲ್ಲಾದ ಯಜಮಾನರು ದುಡ್ಡೇ ತೆಗೆದುಕೊಳ್ಳಲಿಲ್ಲ, ನಾನೇ ನೋಡಿದ್ದೇನೆ. ನಮ್ಮಲ್ಲಿ ಯಾರೂ "ನಮ್ಮ ದೋಸೆ ಕದ್ದ" ಅನ್ನುವುದಿಲ್ಲ. ಇನ್ನೊಂದು ಪ್ಲೇಟ್ ತಿನ್ನು ಅನ್ನುತ್ತೇವೆ.

ಅದೇ ಹುಮ್ಮಸ್ಸಿನಲ್ಲಿ ಮರುವಾರ ಸಿಸಿ ಹತ್ತಿರ ವಾದಕ್ಕೆ ಕೂತೆ. ನನ್ನ ಕೈಯಲ್ಲಿ ತುರುಪಿನ ಎಲೆ ಇತ್ತು: ಜಾನಿ ಕ್ಲೆಗ್. ಇಂಗ್ಲೆಂಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಇಲ್ಲಿಗೆ ಬಂದು, ಜುಲು ಕಲಿತು, ಜುಲು ಗಿಟಾರು, ಕುಣಿತ ಎಲ್ಲ ಕಲಿತು, ಲೋಕವೆಲ್ಲ 'ಬಿಳಿ ಜುಲು' ಅಂತ ಕರೆದ ಹಾಡುಗಾರ. ಅವರು 2019ರಲ್ಲಿ ತೀರಿಕೊಂಡಾಗ ಸಿಸಿ ಮಧ್ಯಾಹ್ನವಿಡೀ ಇಯರ್‌ಫೋನ್ ಹಾಕಿಕೊಂಡು ಕಣ್ಣೊರೆಸಿಕೊಂಡಿದ್ದು ನನಗೆ ನೆನಪಿತ್ತು.

"ಜಾನಿ ಮಾತು ಬೇರೆ" ಅಂದರು.

ಯಾಕೆ ಬೇರೆ ಅಂತ ಅವರು ಹೇಳಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಜಾನಿ ಇದನ್ನೆಲ್ಲ ಕಲಿತದ್ದು ಚಾರ್ಲಿ ಮ್ಜಿಲಾ ಎಂಬವನಿಂದ. ಅವನು ಹಗಲು ಬಿಳಿಯರ ಫ್ಲಾಟುಗಳನ್ನು ಗುಡಿಸಿ ಒರೆಸಿ, ಸಂಜೆ ಬೀದಿಯಲ್ಲಿ ಗಿಟಾರು ಬಾರಿಸುತ್ತಿದ್ದವನು. ಈ ಹುಡುಗ ಅವನ ಹಿಂದೆ ಬಿದ್ದು, ಕಪ್ಪು ಕೂಲಿಗಳ ಹಾಸ್ಟೆಲುಗಳಿಗೆ ನುಗ್ಗಿ ಕುಣಿತ ಕಲಿತ. ಆಗಿನ ವರ್ಣಭೇದದ ಕಾನೂನಿನಲ್ಲಿ ಬಿಳಿಯ ಹುಡುಗ ಅಲ್ಲಿ ಕಾಲಿಡುವಂತಿಲ್ಲ. ಹದಿನೈದು ವಯಸ್ಸಿಗೇ ಪೊಲೀಸರು ಹಿಡಿದರು. ಮುಂದೆ ಸಿಫೊ ಮ್ಚುನು ಎಂಬ ಜುಲು ಗೆಳೆಯನ ಜೊತೆ ಸೇರಿ 'ಜುಲುಕಾ' ತಂಡ ಕಟ್ಟಿದರು. ಮೊದಲ ಆಲ್ಬಂ 1979ರದ್ದು. ಕಪ್ಪು ಬಿಳುಪು ಒಂದೇ ವೇದಿಕೆ ಹತ್ತಿದರೆ ಅಪರಾಧವಾಗಿದ್ದ ಕಾಲ. ಪೊಲೀಸರು ಕಾರ್ಯಕ್ರಮ ನಿಲ್ಲಿಸುತ್ತಿದ್ದರು. ಇವರು ಚರ್ಚುಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಯಾರದೋ ಮನೆಗಳಲ್ಲಿ ಹಾಡುತ್ತಿದ್ದರು.

"ಆಗ ಕಪ್ಪು ಜನ ಊರೊಳಗಿರೋಕೆ ಪಾಸು ಇಟ್ಕೋಬೇಕಿತ್ತು. ನಮ್ಮಪ್ಪನ ಹತ್ರ ಅದಿಲ್ಲದಿದ್ದರೆ ಪೊಲೀಸರು ಒದೀತಿದ್ರು. ಜಾನಿ ನಮ್ಮವರ ಜೊತೆಗಿದ್ದಿದ್ದಕ್ಕೆ ಅವನನ್ನೂ ಹಿಡಿದರು. ಅವನು ಟೋಪಿ ಹಾಕ್ಕೊಂಡು ಫೋಟೊ ತೆಗೆಸ್ಕೊಂಡಿದ್ದಷ್ಟೇ ಅಲ್ಲ" ಅಂದರು ಸಿಸಿ. ಸ್ವಲ್ಪ ತಡೆದು, "ಆದ್ರೂ ನೀನು ಜಾನಿ ಅಂದೆ. ಸಿಫೊ ಅನ್ನಲಿಲ್ಲ" ಅಂದರು.

ನಿಜ, ಅನ್ನಲಿಲ್ಲ. ಸಿಫೊ 1985ರಲ್ಲಿ ತಂಡ ಬಿಟ್ಟು ತನ್ನ ದನಕರು ನೋಡಿಕೊಳ್ಳಲು ಊರಿಗೆ ಹೋದರು. ಅದು ಅವರದೇ ಇಷ್ಟ, ಯಾರೂ ತಳ್ಳಿದ್ದಲ್ಲ. ಆದರೆ ಲೋಕಕ್ಕೆ ಗೊತ್ತಿರುವುದು ಬಿಳಿ ಜುಲು. ಜುಲು ಜುಲು ಯಾರಿಗೂ ಗೊತ್ತಿಲ್ಲ.

ಸಾಲಮನ್ ಲಿಂಡಾ ಕತೆ ಹೇಳಿದ್ದೂ ಅವರೇ. ಇದೂ ಜುಲು ಹಾಡುಗಾರನ ಕತೆ. 1939ರಲ್ಲಿ ಇದೇ ಜೋಹಾನ್ಸ್‌ಬರ್ಗಿನ ಸ್ಟುಡಿಯೊದಲ್ಲಿ 'ಮ್ಬುಬೆ' ಅಂತೊಂದು ಹಾಡು ಹಾಡಿದ, ಅಂದರೆ ಸಿಂಹ. ಹಾಡಿನ ಹಕ್ಕಿಗೆ ಸಿಕ್ಕಿದ್ದು ಹತ್ತು ಷಿಲ್ಲಿಂಗ್ ಅನ್ನುತ್ತಾರೆ. ಅದೇ ಹಾಡು ಅಮೆರಿಕಕ್ಕೆ ಹೋಗಿ, ಬೇರೆ ಸಾಲುಗಳನ್ನು ಹೊದ್ದುಕೊಂಡು, ಮಲಗಿರುವ ಸಿಂಹದ ಹಾಡಾಗಿ, ಕೊನೆಗೆ ಡಿಸ್ನಿಯವರ ಸಿನಿಮಾದವರೆಗೆ ಹೋಯಿತು. ನನ್ನ ಮಗಳು ತೊಟ್ಟಿಲಲ್ಲಿದ್ದಾಗ ನಾನೂ ಅದನ್ನು ಗುನುಗಿದವನೇ. ಲಿಂಡಾ 1962ರಲ್ಲಿ ಬರಿಗೈಯಲ್ಲಿ ಸತ್ತ. ಅವನ ಹೆಣ್ಣುಮಕ್ಕಳು ಇಲ್ಲಿನ ಕಪ್ಪು ಜನರ ಬಡಾವಣೆ ಸೊವೆಟೊದಲ್ಲಿ ಬಡತನದಲ್ಲೇ ಬೆಳೆದರು. ಕೋರ್ಟಿಗೆ ಹೋಗಿ, ರಾಜಿಯಾಗಿ, ಒಂದಿಷ್ಟು ದುಡ್ಡು ಸಿಕ್ಕಿದ್ದು 2006ರಲ್ಲಿ. ಸಿಸಿ ಇದನ್ನು ಸಿಟ್ಟಿಲ್ಲದೆ, ತಿಂಗಳ ಲೆಕ್ಕ ಒಪ್ಪಿಸುವ ಹಾಗೆ ಹೇಳಿದರು.

ಆಮೇಲೆ ಕೂದಲಿನ ವಿಷಯ. 2016ರಲ್ಲಿ ಪ್ರಿಟೋರಿಯಾದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಕಪ್ಪು ಹುಡುಗಿಯರು ಪ್ರತಿಭಟನೆಗೆ ಇಳಿದರು. ತಮ್ಮ ಗುಂಗುರು ಕೂದಲು ಹುಟ್ಟಿದ ಹಾಗೆ ಇದ್ದರೆ ಶಾಲೆಯವರು ಅದನ್ನು ಅಶಿಸ್ತು ಅನ್ನುತ್ತಾರೆ, ಸರಿ ಮಾಡಿಕೊಂಡು ಬಾ ಅನ್ನುತ್ತಾರೆ ಅನ್ನುವುದು ದೂರು. ಟಿವಿಯಲ್ಲೆಲ್ಲ ಬಂತು. ಇತ್ತ ರಜೆಗೆ ಡರ್ಬನ್ ಸಮುದ್ರದ ದಂಡೆಗೆ ಹೋದರೆ ಬಿಳಿ ಹುಡುಗಿಯರು ದುಡ್ಡು ಕೊಟ್ಟು, ತಲೆಗೆ ಅಂಟಿದಂಥ ಸಣ್ಣ ಸಣ್ಣ ಜಡೆ ಹಾಕಿಸಿಕೊಂಡು ಕೂತಿರುತ್ತಾರೆ. ಹಾಕುವವರು ಕಪ್ಪು ಹೆಂಗಸರು. ಒಬ್ಬಳ ತಲೆ ಮೇಲಿದ್ದರೆ ಶೋಕಿ, ಇನ್ನೊಬ್ಬಳ ತಲೆ ಮೇಲಿದ್ದರೆ ಅಶಿಸ್ತು.

ಇಷ್ಟೆಲ್ಲ ಕೇಳಿದ ಮೇಲೂ ನಾನು ಪೂರ್ತಿ ಒಪ್ಪಿರಲಿಲ್ಲ. ನಮ್ಮೂರೇ ವಾಸಿ, ನಾವು ಹೀಗೆ ಲೆಕ್ಕ ಇಡುವುದಿಲ್ಲ ಅಂದುಕೊಂಡು ಮಲಗಿದೆ. ಹಾಗೆ ಮಲಗಿದಾಗಲೇ ಹಾಳಾದ್ದು ಊರಿನ ನೆನಪೊಂದು ಬಂತು.

ನಾನಾಗ ಏಳನೇ ಕ್ಲಾಸು. ನಮ್ಮೂರು ಬೇಲೂರು ಹಳೇಬೀಡಿನ ದಾರಿಯಲ್ಲಿದೆ. ನಮ್ಮ ಆಲೆಮನೆ ಹೊಗೆ ನೋಡಿ ಒಂದು ಟ್ಯಾಕ್ಸಿ ನಿಂತಿತು. ಇಳಿದವರು ಬಿಳಿ ಗಂಡ ಹೆಂಡತಿ. ಬಿಸಿ ಬೆಲ್ಲ ತಿನ್ನಿಸಿ, ಹಾಲು ಕುಡಿಸಿ, ಅಮ್ಮ ಆಕೆಯನ್ನು ನಡುಮನೆಗೆ ಕರೆತಂದು ಮಣೆ ಹಾಕಿ ಕೂರಿಸಿದಳು. ಅರಿಶಿನ ಕುಂಕುಮ ಕೊಟ್ಟು, ಆ ಚಿನ್ನದ ಬಣ್ಣದ ಕೂದಲಿಗೆ ಒಂದು ಮೊಳ ಮಲ್ಲಿಗೆ ಮುಡಿಸಿದಳು. ಆಕೆ ಕನ್ನಡಿ ನೋಡಿಕೊಂಡು ನಕ್ಕಳು. ಓಣಿಯೆಲ್ಲ ನಮ್ಮನೆಯಲ್ಲಿತ್ತು. "ಲಕ್ಷ್ಮಿ ಇದ್ದಂಗವ್ಳೆ" ಅಂದರು. ಆಕೆಯ ಮದುವೆ, ಮತ, ಏನನ್ನೂ ಯಾರೂ ಕೇಳಲಿಲ್ಲ.

ಅಡುಗೆಮನೆ ಬಾಗಿಲ ಹಿಂದೆ ನಮ್ಮ ಸೋದರತ್ತೆ ನಿಂತಿದ್ದಳು. ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡವಳು. ಆ ಮಲ್ಲಿಗೆ ಕಟ್ಟಿದವಳು ಅವಳೇ. ದಿನಾ ಕಟ್ಟುತ್ತಿದ್ದವಳೂ ಅವಳೇ. ಅವತ್ತು ಅವಳ ಮುಖ ಹೇಗಿತ್ತು ಅಂತ ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ, ಯಾಕೆಂದರೆ ನಾನು ನೋಡಿರಲೇ ಇಲ್ಲ.

ಆ ಬಿಳಿಯಾಕೆಯ ತಪ್ಪೇನೂ ಇಲ್ಲ. ಪ್ರೀತಿಯಿಂದ ಮುಡಿಸಿದರು, ಮುಡಿದಳು. ಸೇಲ್ಸ್ ಹುಡುಗಿಯದೂ ಹಾಗೆಯೇ ಅಂತ ಆಮೇಲೆ ಗೊತ್ತಾಯಿತು. ಆ ಇಸಿಚೋಲೊ ಅಂಗಡಿಯದಲ್ಲ. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಕೆಲಸದಾಕೆ ಕೊಟ್ಟಿದ್ದಂತೆ. ಜುಲುವೂ ಆಕೆಯಿಂದಲೇ ಬಂದದ್ದು, ಇಂಗ್ಲಿಷಿಗಿಂತ ಮೊದಲೇ ಬಂದದ್ದು. ಆಕೆಯನ್ನು ಮಣ್ಣು ಮಾಡಿದ ದಿನ ಹೋಗಿ ಅತ್ತು ಬಂದಿದ್ದಳಂತೆ. ಇದನ್ನು ಹೇಳುವಾಗಲೂ ಅವಳ ಕಣ್ಣು ಒದ್ದೆಯಾಯಿತು. ನಾನು ಓಡಿಹೋಗಿ ಸಿಸಿಗೆ ಹೇಳಿದೆ, ಕೇಸು ಗೆದ್ದವನ ಹಾಗೆ.

ಸಿಸಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಒಳ್ಳೆ ಹುಡುಗಿ. ನಾನು ಕೆಟ್ಟವಳು ಅಂತ ಯಾವತ್ತು ಹೇಳಿದೆ?" ಅಂದರು. ಆಮೇಲೆ, "ಆಕೆ ಇವಳನ್ನು ಬೆಳೆಸ್ತಿದ್ದಾಗ ಆಕೆ ಮಕ್ಕಳನ್ನ ಯಾರು ಬೆಳೆಸ್ತಿದ್ರು, ಕೇಳಿದೆಯಾ?"

ಕೇಳಿರಲಿಲ್ಲ. ಸಿಸಿಯನ್ನು ಬೆಳೆಸಿದ್ದು ಅವರ ಗೋಗೋ, ಅಂದರೆ ಅಜ್ಜಿ, ಅನ್ನುವುದು ಮಾತ್ರ ನನಗೆ ಗೊತ್ತಿತ್ತು. ಅವರಮ್ಮ ಇದೇ ಊರಿನಲ್ಲಿ ಯಾರದೋ ಮನೆಯ ಹಿತ್ತಿಲ ಕೋಣೆಯಲ್ಲಿದ್ದುಕೊಂಡು ಮನೆಗೆಲಸ ಮಾಡುತ್ತಿದ್ದರು. ಕ್ರಿಸ್‌ಮಸ್‌ಗೆ ಮಾತ್ರ ಊರಿಗೆ ಬರುತ್ತಿದ್ದರು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ವಾತಾವರಣ ತಿಳಿಯಾಗಲಿ ಅಂತಲೋ ಏನೋ, ಅವರೇ ಶುರು ಮಾಡಿದರು.

"ಅವತ್ತು ನೀನು ಹಾಕ್ಕೊಂಡಿದ್ದೆಯಲ್ಲ, ಆ ಬಂಗಾರದ ಅಂಚಿನ ಟೋಪಿ. ನಿಮ್ಮ ಮನೇಲಿ ಯಾರು ಹಾಕ್ತಿದ್ರು ಅದನ್ನ? ನಿಮ್ಮ ತಾತನಾ?"

ನಾನು ಬಾಯಿ ತೆರೆದು ಮುಚ್ಚಿದೆ. ಮೈಸೂರು ಪೇಟ ಅರಮನೆಯವರದು, ದಿವಾನರದು, ದರ್ಬಾರಿಗೆ ಹೋಗುವ ದೊಡ್ಡವರದು. ನಮ್ಮ ತಾತ ಕಬ್ಬು ಕಡಿದವರು. ತಲೆಗೆ ಕೆಂಪು ಚೌಕಳಿಯ ಟವೆಲು ಸುತ್ತುತ್ತಿದ್ದರು. ಅದೇ ಟವೆಲಿನಲ್ಲಿ ಬೆವರು ಒರೆಸಿ, ಸಂತೆಯಿಂದ ಕಾರಾಪುರಿ ಕಟ್ಟಿಕೊಂಡು ಬರುತ್ತಿದ್ದರು. ಪೇಟ ಇಟ್ಟವರು ಎದುರು ಬಂದರೆ ಆ ಟವೆಲು ತಲೆಯಿಂದ ಇಳಿದು ಕಂಕುಳಿಗೆ ಬರುತ್ತಿತ್ತು.

ಹೇಳಿದೆ. ಸಿಸಿ ಮೇಜು ಹಿಡಿದುಕೊಂಡು ನಕ್ಕರು, ಪಕ್ಕದ ವಿಭಾಗದವರೆಲ್ಲ ತಿರುಗಿ ನೋಡುವಷ್ಟು.

"ಮುಂದಿನ ಸಲ ಟವೆಲು ಸುತ್ಕೊಂಡು ಬಾ ಭುತಿ. ನಾನು ಚಪ್ಪಾಳೆ ತಟ್ತೀನಿ."

ಡಿಸೆಂಬರಿನಲ್ಲಿ ತಮ್ಮ ಬರುತ್ತಿದ್ದಾನೆ. ಅರಸೀಕೆರೆ ಸಂತೆಯಲ್ಲಿ ಇನ್ನೂ ಸಿಗುತ್ತದಾ ನೋಡು, ಕೆಂಪು ಚೌಕಳಿಯದೇ ಆಗಬೇಕು ಅಂತ ಹೇಳಿದ್ದೇನೆ. "ನಿನಗ್ಯಾಕಣ್ಣ ಅದು?" ಅಂದ. ಫೋನಿನಲ್ಲಿ ಹೇಳಿ ಮುಗಿಯುವ ಕತೆಯಲ್ಲ, ಬಾ ಅಂದೆ.